ಬಿರುಕಿಗೆ ಅಂಟಿಸಿದ ಗಾಜು

ಹದಿನೆಂಟನೆಯ ದಿನ ಬೆಳಿಗ್ಗೆ ಗಾಜು ಒಡೆದಿತ್ತು.

ಅವಳಿಗೆ ಮೊದಲು ತನ್ನ ಕಣ್ಣಿನ ಮೇಲೆಯೇ ನಂಬಿಕೆ ಬರಲಿಲ್ಲ. ಹಾಗೆ ನೋಡಿದರೆ ಊರವರ ಕಣ್ಣು ಸರಿಮಾಡುವುದೇ ಅವಳ ಕಸುಬು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ‘ಕನ್ನಡಕದಕ್ಕ’ ಎಂದು. ಅಂಥವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಗೋಡೆಯ ಹತ್ತಿರ ಹೋದಳು. ಅನುಮಾನವೇ ಇರಲಿಲ್ಲ. ಬಿರುಕಿಗೆ ಅಡ್ಡಲಾಗಿ ಅಂಟಿಸಿದ್ದ ಮೂರು ಗಾಜಿನ ಪಟ್ಟಿಗಳಲ್ಲಿ ಮೇಲಿನದು ಸರಿಯಾಗಿತ್ತು, ಕೆಳಗಿನದು ಸರಿಯಾಗಿತ್ತು, ಎದೆಮಟ್ಟದ್ದು ಮಾತ್ರ ನಡುಮಧ್ಯೆ ಸೀಳಿತ್ತು. ಸೀಳು ಕೂಡ ಹೇಗೆ? ಎಡಗಡೆಯ ಚೂರು ತನ್ನ ಜಾಗದಲ್ಲೇ ಇತ್ತು, ಬಲಗಡೆಯದು ಅರ್ಧ ಮಿಲಿಮೀಟರಿನಷ್ಟು ಕೋಣೆಯ ಒಳಗೆ, ಅವಳ ಕಡೆಗೇ ಬಂದಿತ್ತು.

ಇನ್ನು ಮೂರೇ ಮೂರು ದಿನ ಕಳೆದಿದ್ದರೆ ಆಗುತ್ತಿತ್ತು.

ಆ ಮನೆಗೆ ಇನ್ನೂರು ವರ್ಷ. ಕುದುರೆಯ ಮೇಲೆ ಅಂಚೆ ಹೋಗುತ್ತಿದ್ದ ಕಾಲದಲ್ಲಿ ಸವಾರರು ಅಲ್ಲಿ ಕುದುರೆ ಬದಲಾಯಿಸುತ್ತಿದ್ದರಂತೆ. ಅದಕ್ಕೇ ಊರಲ್ಲಿ ಅದು ಈಗಲೂ ಅಂಚೆಮನೆ. ಆಮೇಲೆ ಅದು ಶಾಲೆಯಾಯಿತು, ಹತ್ತಿಯ ಗೋದಾಮಾಯಿತು, ಕೊನೆಗೆ ಪಾರಿವಾಳಗಳ ಪಾಲಾಯಿತು. ಪುರಾತನ ಕಟ್ಟಡಗಳ ಕಚೇರಿಯವರು ಬಾಗಿಲಿನ ಮೇಲೊಂದು ಹಿತ್ತಾಳೆಯ ಬಿಲ್ಲೆ ಹೊಡೆದು, ಕೆಡವಕೂಡದು, ಬೀದಿಗೆ ಕಾಣುವ ಮುಖ ಬದಲಿಸಕೂಡದು, ಕೊಂಡವರು ಮೂರು ವರ್ಷದೊಳಗೆ ದುರಸ್ತಿ ಮುಗಿಸಬೇಕು ಎಂದು ಕಟ್ಟಳೆ ಹಾಕಿ ಹೋಗಿದ್ದರು. ಅಷ್ಟು ಕಟ್ಟಳೆ ಕೇಳಿದ ಮೇಲೆ ಕೊಳ್ಳಲು ಬಂದವರೆಲ್ಲ ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗುತ್ತಿದ್ದರು. ಅವಳೊಬ್ಬಳು ಹಿಂದಿರುಗಲಿಲ್ಲ.

ಕಾರಣ ಹಿಂದುಗಡೆಯ ಆ ಉದ್ದದ ಕೋಣೆ. ಒಂದು ಕಾಲದಲ್ಲಿ ಅಂಚೆಯ ಚೀಲಗಳನ್ನು ವಿಂಗಡಿಸುತ್ತಿದ್ದ ಜಾಗ. ಉತ್ತರಕ್ಕೆ ಸಾಲಾಗಿ ಆರು ಎತ್ತರದ ಕಿಟಕಿ. ಬಿಸಿಲು ನೇರವಾಗಿ ಬೀಳದ, ನೆರಳು ಅಲುಗಾಡದ ಬೆಳಕು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ. ಮೂವತ್ತು ವರ್ಷ ಅವಳು ಮಾವನ ಕಾಲದ ಅಂಗಡಿಯ ಹಿಂದಿನ ಗೂಡಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತು ಕನ್ನಡಕದ ಗಾಜು ಉಜ್ಜಿದ್ದಳು. ವಯಸ್ಸು ಐವತ್ತೊಂದು. ಇತ್ತೀಚೆಗೆ ಸಂಜೆಯಾದರೆ ಕಣ್ಣಿನ ಹಿಂದೆ ಯಾರೋ ಸೂಜಿ ಆಡಿಸಿದ ಹಾಗೆ ನೋವು. ಮೊದಲ ದಿನ ಆ ಕೋಣೆಗೆ ಕಾಲಿಟ್ಟಾಗ ಪಾರಿವಾಳದ ಹಿಕ್ಕೆ, ಮುರಿದ ಬೆಂಚು, ಕಿತ್ತುಹೋದ ನೆಲ ಯಾವುದೂ ಅವಳಿಗೆ ಕಾಣಲೇ ಇಲ್ಲ. ಆರು ಕಿಟಕಿ ಕಂಡವು, ಅಷ್ಟೆ.

ಗಂಡನಿಗೆ ಬೇರೆಯದೇ ಕಂಡಿತ್ತು. ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ತಪ್ಪು ಹುಡುಕುವುದೇ ಹೊಟ್ಟೆಪಾಡು. ಮನೆಯನ್ನೂ ಕರಡು ಓದಿದ ಹಾಗೆಯೇ ಮೂಲೆಯಿಂದ ಮೂಲೆಗೆ ಓದಿ, ಅದೇ ಉದ್ದದ ಕೋಣೆಯ ಪೂರ್ವದ ಗೋಡೆಯ ಮುಂದೆ ನಿಂತುಬಿಟ್ಟಿದ್ದ.

“ಇದೇನೇ ಇದು? ನನ್ನ ಬೆರಳು ಹೋಗುತ್ತಲ್ಲ ಒಳಗೆ.”

“ಹಳೇ ಮನೆ ಅಂದ್ಮೇಲೆ ಬಿರುಕು ಇರಲ್ವಾ?” ಅಂದಿದ್ದಳು.

“ಹಳೇ ಬಿರುಕೋ ಹೊಸ ಬಿರುಕೋ ಅದು ಗೊತ್ತಾಗ್ಬೇಕು.”

ಅದನ್ನು ಹೇಳಬಲ್ಲವನು ಒಬ್ಬನೇ, ಅವಳ ತಮ್ಮ. ಕಲ್ಲುಕೆಲಸದ ಮೇಸ್ತ್ರಿ, ಅದರಲ್ಲೂ ಹಳೇ ಕಟ್ಟಡಗಳ ರಿಪೇರಿಯಲ್ಲಿ ಎತ್ತಿದ ಕೈ. ಅವನಿಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಆಗ ಹದಿನೇಳರವಳಾಗಿದ್ದ ಇವಳೇ ಅವನಿಗೆ ಊಟ ಹಾಕಿ, ತಲೆ ಬಾಚಿ, ಕೈಹಿಡಿದು ದಾರಿಗೆ ಹಚ್ಚಿದವಳು. ನಲವತ್ತು ತುಂಬಿದ್ದರೂ ಅವನ ಪಾಲಿಗೆ ಅಕ್ಕ ಹೇಳಿದ್ದೇ ವೇದವಾಕ್ಯ. ತಮ್ಮ ಬಂದು ಗೋಡೆಗೆ ತೂಗುಗುಂಡು ಬಿಟ್ಟು ನೋಡಿದ, ಕಿವಿಗೊಟ್ಟು ಬಡಿದು ನೋಡಿದ. ಆಮೇಲೆ ಹೇಳಿದ: “ಅಕ್ಕ, ನಿನ್ನ ಅಂಗಡೀಲಿ ತೆಳ್ಳಗಿರೋ ಗಾಜು ಇದ್ರೆ ಮೂರು ಪಟ್ಟಿ ಕತ್ತರಿಸಿ ಕೊಡು.”

ಬಿರುಕಿನ ಎರಡೂ ದಡಕ್ಕೆ ಗಾರೆಯ ಮುದ್ದೆ ಇಟ್ಟು, ಅದರ ಮೇಲೆ ಗಾಜಿನ ಪಟ್ಟಿ ಕೂರಿಸಿದ. ಗೋಡೆ ಜರುಗಿದರೆ ಗಾರೆ ತಡೆದುಕೊಂಡೀತು, ಗಾಜು ತಡೆಯದು. ಪ್ರತಿ ಪಟ್ಟಿಯ ಪಕ್ಕ ಸೀಸದ ಕಡ್ಡಿಯಿಂದ ತಾರೀಖು ಬರೆದ. ಅವತ್ತು ಏಳನೇ ತಾರೀಖು.

“ಇಪ್ಪತ್ತೊಂದು ದಿನ ನೋಡೋಣ. ಗಾಜು ಹಾಗೇ ಇದ್ರೆ ಗೋಡೆ ಯಾವತ್ತೋ ಜರುಗಿ ಈಗ ನಿಂತಿದೆ ಅಂತ. ಒಡೆದ್ರೆ ಇನ್ನೂ ನಡೀತಾ ಇದೆ ಅಂತ. ನಡೆಯೋ ಗೋಡೆ ಕೆಳಗೆ ನಾನು ಕೆಲಸ ಮಾಡಲ್ಲ, ನನ್ನ ಆಳುಗಳನ್ನ ನಿಲ್ಲಿಸಲ್ಲ. ನನಗೆ ದಿನಾ ಬರೋಕಾಗಲ್ಲ, ದೂರದಲ್ಲಿ ಕೆಲಸ ಹಿಡಿದಿದ್ದೀನಿ. ನೀನು ಅಂಗಡಿಗೆ ಹೋಗೋ ದಾರೀಲಿ ಒಂದ್ಸಲ ನೋಡ್ಕೊಂಡು ಹೋಗು.”

ಮನೆ ಮಾರಿಸುವ ದಲ್ಲಾಳಿ ಇಪ್ಪತ್ತೊಂದು ದಿನ ಎಂದು ಕೇಳುತ್ತಲೇ ಮುಖ ಹುಳಿ ಮಾಡಿದ. ಸೊಂಟದಲ್ಲಿ ಸದಾ ಕೀಲಿಗಳ ಗೊಂಚಲು ಗಲಗಲ ಎನ್ನಿಸುತ್ತ ತಿರುಗುವ ಅವನಿಗೆ ‘ಬೀಗದಕೈ’ ಎಂದೇ ಹೆಸರು. “ಇಪ್ಪತ್ತೊಂದು ಅಂದ್ರೆ ಇಪ್ಪತ್ತೊಂದೇ. ಇಪ್ಪತ್ತೆಂಟನೇ ತಾರೀಖು ಸಂಜೆ ನಾಲ್ಕಕ್ಕೆ ಸಹಿ ಆಗ್ಬೇಕು. ಬಟ್ಟೆ ಅಂಗಡಿಯವರು ಬಾಗಿಲಲ್ಲೇ ನಿಂತಿದ್ದಾರೆ,” ಎಂದು ಗೊಂಚಲಿನಿಂದ ಒಂದು ಬೀಗದಕೈ ಬಿಚ್ಚಿ ಕೊಟ್ಟಿದ್ದ.

ಹದಿನೇಳು ದಿನ ಅವಳು ಬಂದಳು, ನೋಡಿದಳು, ಹೋದಳು. ನೋಡುವ ನೆಪದಲ್ಲಿ ಐದು ನಿಮಿಷ ಹತ್ತಾಯಿತು, ಹತ್ತು ಅರ್ಧ ಗಂಟೆಯಾಯಿತು. ಮೂರನೇ ಕಿಟಕಿಯ ಕೆಳಗೆ ಉಜ್ಜುವ ಯಂತ್ರ, ನಾಲ್ಕನೆಯದರ ಕೆಳಗೆ ಮೇಜು, ಆರನೆಯದರ ಹತ್ತಿರ ಗಂಡನಿಗೊಂದು ಕುರ್ಚಿ. ಮನಸ್ಸಿನಲ್ಲೇ ಮನೆ ತುಂಬಿಸಿಬಿಟ್ಟಳು. ಬದುಕಿನಲ್ಲಿ ಯಾವುದನ್ನೂ ಬೇಕು ಎಂದು ಕೇಳಿದವಳಲ್ಲ. ತಮ್ಮನನ್ನು ಸಾಕಿದ್ದು ಸಾಕಲೇಬೇಕಿತ್ತು ಎಂದು, ಅಂಗಡಿಯಲ್ಲಿ ಕೂತದ್ದು ಕೂರುವವರು ಬೇರೆ ಇರಲಿಲ್ಲ ಎಂದು. ಗಂಡನಿಗೂ ಈ ಮನೆಯ ಬಗ್ಗೆ “ಚೆನ್ನಾಗಿದೆ ಅಲ್ವಾ” ಎಂದದ್ದು ಬಿಟ್ಟರೆ ಹೆಚ್ಚು ಹೇಳಿರಲಿಲ್ಲ.

ಈಗ ಒಡೆದ ಗಾಜಿನ ಮುಂದೆ ನಿಂತು, ಬೆಕ್ಕು ಹಾರಿರಬೇಕು ಅಂದುಕೊಂಡಳು. ಬೆಕ್ಕು ಎದೆಮಟ್ಟಕ್ಕೆ ಗೋಡೆ ಹತ್ತುತ್ತದೆಯೇ? ಹಾಗಾದರೆ ಪಾರಿವಾಳ. ಇಲ್ಲವೇ ಬೀದಿಯಲ್ಲಿ ಭಾರದ ಲಾರಿ ಹೋಗಿರಬೇಕು. ಇಲ್ಲವೇ ತಾನು ಕತ್ತರಿಸುವಾಗಲೇ ಗಾಜಿನಲ್ಲಿ ಕಣ್ಣಿಗೆ ಕಾಣದ ಗೀರು ಉಳಿದಿರಬೇಕು. ಹೌದು, ಅದೇ. ತಪ್ಪು ಗಾಜಿನದು, ಗೋಡೆಯದಲ್ಲ. ಮೇಲಿನದು, ಕೆಳಗಿನದು ನೆಟ್ಟಗಿಲ್ಲವೇ?

ಬೇಕಾದ್ದನ್ನು ನಂಬಲು ಮನಸ್ಸಿಗೆ ಎಷ್ಟು ಹೊತ್ತು? ಅವಳು ಅಂಗಡಿಗೆ ಹೋಗಿ ಅದೇ ಅಳತೆಯ ಪಟ್ಟಿ ಕತ್ತರಿಸಿದಳು. ಬಟ್ಟಲಲ್ಲಿ ಗಾರೆ ಕಲೆಸಿಕೊಂಡು ಹಿಂದಿರುಗಿದಳು. ಹಳೇ ಮುದ್ದೆಗಳನ್ನು ಕೆತ್ತಿ ತೆಗೆಯುವಾಗ ತಮ್ಮ ಬರೆದಿದ್ದ ತಾರೀಖೂ ಉದುರಿಹೋಯಿತು. ಹೊಸದನ್ನು ಅಂಟಿಸಿ, ಹಸಿ ಗಾರೆಯ ಮೇಲೆ ನೆಲದ ಧೂಳು ತಿಕ್ಕಿ, ಪಕ್ಕದಲ್ಲಿ ಸೀಸದ ಕಡ್ಡಿಯಿಂದ ‘೭’ ಎಂದು ಬರೆದಳು. ಕೈ ನಡುಗಲಿಲ್ಲ. ಅದೇ ಆಮೇಲೆ ಅವಳನ್ನು ಹೆಚ್ಚು ಹೆದರಿಸಿದ್ದು. ಚೂರುಗಳನ್ನು ಅಂಗಡಿಯ ಕಸದ ಡಬ್ಬಿಗೆ ಹಾಕಿದಳು. ಗಾಜಿನ ಚೂರುಗಳ ನಡುವೆ ಇನ್ನೆರಡು ಚೂರು, ಯಾರಿಗೆ ಗೊತ್ತಾಗುತ್ತದೆ?

ಮುಂದಿನ ಮೂರು ದಿನ ಅವಳು ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬಂದು ನೋಡಿದಳು. ಹೊಸ ಗಾಜು ಒಡೆಯಲಿಲ್ಲ. ನೋಡಿದೆಯಾ, ನಾನು ಅಂದದ್ದೇ ನಿಜ, ಎಂದು ತನಗೆ ತಾನೇ ಹೇಳಿಕೊಂಡಳು. ಮೂರು ದಿನಕ್ಕೆ ಅದು ಒಡೆಯಬೇಕಾಗಿಯೂ ಇಲ್ಲ ಎಂಬುದು ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದಳು.

ಇಪ್ಪತ್ತೆಂಟರ ಮಧ್ಯಾಹ್ನ ತಮ್ಮ ಬಸ್ಸಿಳಿದು ನೇರವಾಗಿ ಅಂಚೆಮನೆಗೇ ಬಂದ. ಹೆಗಲಲ್ಲಿ ಹತಾರಗಳ ಚೀಲ, ರೆಪ್ಪೆಯ ಮೇಲೆ ಇನ್ನೂ ಕಲ್ಲಿನ ಧೂಳು. ಗಂಡ ಅರ್ಧ ದಿನ ರಜೆ ಹಾಕಿ ಬಂದಿದ್ದ. ಬೀಗದಕೈ ಹೊಸ್ತಿಲಲ್ಲೇ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ.

ತಮ್ಮ ಏಣಿ ಹತ್ತಿ ಮೇಲಿನ ಗಾಜು ನೋಡಿದ. “ಇದು ಸರಿ.” ಬಗ್ಗಿ ಕೆಳಗಿನದು ನೋಡಿದ. “ಇದೂ ಸರಿ.” ನಡುವಿನದರ ಮೇಲೆ ಬೆರಳಾಡಿಸಿದ.

“ಸರಿಯಾಗೇ ಇದೆಯಲ್ಲ!” ಅಂದ. ಮುಖ ಅರಳಿತು. “ಭಾವ, ಗೋಡೆ ನಿಂತಿದೆ.”

ಗಂಡ ಹತ್ತಿರ ಬಂದು ಕನ್ನಡಕ ಹಣೆಗೇರಿಸಿ ಬಗ್ಗಿದ. ಗಾಜು ನೋಡಲಿಲ್ಲ. ಪಕ್ಕದ ಅಂಕಿಯನ್ನು ನೋಡಿದ. ಬಹಳ ಹೊತ್ತು ನೋಡಿದ.

“ಈ ಏಳು ಬೇರೆ ಥರ ಇದೆಯಲ್ಲ. ಮೇಲಿನ ಏಳಕ್ಕೆ ಬಾಲ ಗಿಡ್ಡ. ಇದಕ್ಕೆ ಉದ್ದ.”

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು.

ತಮ್ಮ ನಕ್ಕ. “ಏನ್ ಭಾವ, ಗೋಡೇಲೂ ಕರಡು ತಿದ್ತೀರಾ? ಒಂದು ಏಣಿ ಮೇಲೆ ನಿಂತು ಬರೆದಿದ್ದು, ಒಂದು ನೆಲದ ಮೇಲೆ ನಿಂತು ಬರೆದಿದ್ದು. ಒಂದೇ ಥರ ಬರೋಕೆ ನಾನೇನು ಅಚ್ಚಿನ ಮೊಳೆನಾ?”

ಬೀಗದಕೈ ಕೂಡ ನಕ್ಕ. ಗಂಡ ನೆಟ್ಟಗಾಗಿ ಕನ್ನಡಕ ಇಳಿಸಿಕೊಂಡ. “ಸರಿ ಹಾಗಾದ್ರೆ,” ಅಂದ. ಅಷ್ಟೇ ಅಂದ. ಅವನ ಅನುಮಾನ ಕಳೆಯಿತು ಎಂದುಕೊಂಡಳು ಅವಳು.

“ನಾಲ್ಕಕ್ಕೆ ಇನ್ನೂ ಹೊತ್ತಿದೆ,” ಎಂದ ತಮ್ಮ, ಚೀಲದಿಂದ ಚಾಣ, ಸುತ್ತಿಗೆ ತೆಗೆಯುತ್ತ. “ಬುಡ ಒಂಚೂರು ಬಿಚ್ಚಿ ನೋಡ್ತೀನಿ. ಪಾಯದ ಕಲ್ಲು ಎಂಥದು ಅಂತ ಗೊತ್ತಾದ್ರೆ ಕೆಲಸ ಎಲ್ಲಿಂದ ಶುರು ಮಾಡ್ಬೇಕು ಅಂತ ಲೆಕ್ಕ ಸಿಗುತ್ತೆ.”

ಅವನು ಗೋಡೆಯ ಬುಡದಲ್ಲಿ ಮಂಡಿಯೂರಿ ಕೂತ. ಬಿರುಕಿನ ಬಲಗಡೆ, ಸರಿಯಾಗಿ ಅಲ್ಲೇ. ಬೆನ್ನ ಮೇಲೆ ಹನ್ನೆರಡು ಅಡಿ ಕಲ್ಲು. ಮೊದಲ ಏಟಿಗೆ ಹಳೇ ಗಾರೆ ಸಿಪ್ಪೆ ಸುಲಿದ ಹಾಗೆ ಬಿತ್ತು. ಎರಡನೆಯ ಏಟಿಗೆ ಕಲ್ಲಿನ ಸಂದಿನಿಂದ ಮರಳು ಸುರ್ರನೆ ಸುರಿಯತೊಡಗಿತು. ಸಣ್ಣ ಸದ್ದು. ಸಕ್ಕರೆಯ ಚೀಲ ತೂತಾದ ಹಾಗೆ. ತಮ್ಮ ತಲೆ ಇನ್ನಷ್ಟು ಬಗ್ಗಿಸಿ ಸಂದಿನೊಳಗೆ ಇಣುಕಿದ, ಕತ್ತಿನ ಹಿಂಭಾಗ ಕಾಣುತ್ತಿತ್ತು. ಚಿಕ್ಕವನಿದ್ದಾಗ ಅವಳು ಪ್ರತಿ ಭಾನುವಾರ ತಿಕ್ಕಿ ತೊಳೆಯುತ್ತಿದ್ದ ಕತ್ತು.

“ಎದ್ದು ಬಾರೋ!” ಎಂದು ಕಿರುಚಿದಳು.

“ಏನಕ್ಕ? ಇಲಿನಾ?”

“ಈಚೆ ಬಾ ಅಂದ್ನಲ್ಲ! ಗೋಡೆ ನಡೀತಿದೆ. ಗಾಜು ಒಡೆದಿತ್ತು ಕಣೋ. ನಾನೇ ಬದಲಾಯಿಸಿದೆ. ಬಾರೋ ಈಚೆಗೆ!”

ತಮ್ಮ ಏಳಲಿಲ್ಲ. ಕೂತಲ್ಲಿಂದಲೇ ಅವಳನ್ನು ನೋಡಿದ, ಕೇಳಿಸಿದ್ದು ಅರ್ಥವಾಗದವನ ಹಾಗೆ. ಅವಳೇ ಓಡಿಹೋಗಿ ಅವನ ರಟ್ಟೆ ಹಿಡಿದು ಎಳೆದಳು. ಇಬ್ಬರೂ ಮುಗ್ಗರಿಸಿ ಕಿಟಕಿಯ ಕಡೆ ಬಂದು ನಿಂತರು. ಗೋಡೆ ಬೀಳಲಿಲ್ಲ. ಮರಳು ಇನ್ನೊಂದಿಷ್ಟು ಸುರಿದು ತಾನಾಗಿ ನಿಂತಿತು.

“ಯಾವತ್ತು?” ಎಂದ ತಮ್ಮ.

“ಹದಿನೆಂಟನೇ ದಿನ.”

“ಚೂರು ಎಲ್ಲಿ?”

“ಎಸೆದೆ.”

“ಎಸೆದ್ಯಾ!” ಅವನ ಧ್ವನಿ ಈಗ ಏರಿತು. “ಒಡೆದಿದ್ದು ಹಾಗೇ ಇದ್ದಿದ್ರೆ ಎಷ್ಟು ಜರುಗಿದೆ, ಯಾವ ಕಡೆ ಜರುಗಿದೆ ಅಂತಾದ್ರೂ ತಿಳೀತಿತ್ತು. ಅದನ್ನೂ ಅಳಿಸಿಬಿಟ್ಯಲ್ಲ.”

“ಅರ್ಧ ಮಿಲಿಮೀಟರ್. ಬಲಗಡೆ ಚೂರು ಮುಂದಕ್ಕೆ ಬಂದಿತ್ತು. ಕೋಣೆ ಕಡೆಗೆ.”

“ಮುಂದಕ್ಕಾ? ಕೆಳಕ್ಕಲ್ವಾ? ನೆಟ್ಟಗೆ ನೆನಪಿದ್ಯಾ?”

“ಕೂದಲೆಳೆಯಷ್ಟು ವ್ಯತ್ಯಾಸ ನೋಡೋದೇ ನನ್ನ ಕೆಲಸ ಅಲ್ವೇನೋ. ಮುಂದಕ್ಕೆ.”

ತಮ್ಮ ಗೋಡೆಯ ಕಡೆ ತಿರುಗಿ ನೋಡಿದ. “ಹಾಗಾದ್ರೆ ಹೊಟ್ಟೆ ಬಿಡ್ತಿದೆ, ನಡು ಉಬ್ಬಿ ಮುಂದಕ್ಕೆ ಬರ್ತಿದೆ,” ಎಂದ ಮೆಲ್ಲಗೆ, ಯಾರಿಗೂ ಅಲ್ಲ ಎಂಬಂತೆ. “ಕುಸಿಯೋ ಗೋಡೆ ಸದ್ದು ಮಾಡಿ ಹೇಳುತ್ತೆ. ಹೊಟ್ಟೆ ಬಿಡೋ ಗೋಡೆ ಹೇಳೋದೇ ಇಲ್ಲ.” ಹತಾರಗಳನ್ನು ಅಲ್ಲೇ ಬಿಟ್ಟು ಬಾಗಿಲ ಕಡೆ ನಡೆದ. ಹೊಸ್ತಿಲಲ್ಲಿ ತಿರುಗಿದ. “ಸೋಮವಾರದಿಂದ ನಾಲ್ಕು ಜನರನ್ನ ತಂದು ಆ ಗೋಡೆ ಕೆಳಗೆ ನಿಲ್ಲಿಸ್ತಿದ್ದೆ ಅಕ್ಕ. ನೀನು ನೋಡ್ಕೊಂಡಿದ್ದೀಯ ಅಂತ ಧೈರ್ಯವಾಗಿ.”

ಅವಳು ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಅವನು ಬೀದಿಯ ತಿರುವು ದಾಟಿದ್ದ.

ನಾಲ್ಕು ಗಂಟೆಗೆ ದಲ್ಲಾಳಿಯ ಕಚೇರಿಯಲ್ಲಿ ಮನೆಯೊಡತಿ ಪೆನ್ನು ಹಿಡಿದೇ ಕೂತಿದ್ದಳು. ಕೋರ್ಟಿನಲ್ಲಿ ಬೆರಳಚ್ಚು ಮಾಡಿ ನಿವೃತ್ತಳಾದ ಹೆಂಗಸು, ಚಿಕ್ಕಪ್ಪನಿಂದ ಬಂದ ಆಸ್ತಿ ಇದು. ಬೀಗದಕೈ ದಾರಿಯುದ್ದಕ್ಕೂ ಕನ್ನಡಕದಕ್ಕನ ಕಿವಿ ಕಚ್ಚಿದ್ದ: “ಕೊಳ್ಳೋದಿಲ್ಲ ಅಂದ್ರೆ ಬಿಡಿ, ಗೋಡೆ ವಿಷಯ ಯಾಕೆ ಎತ್ತುತ್ತೀರಾ? ಬಟ್ಟೆ ಅಂಗಡಿಯವರು ಕಣ್ಣು ಮುಚ್ಚಿ ತಗೋತಾರೆ.” ಅವಳು ಕೂರಲೂ ಇಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು, ತಾನು ಗಾಜು ಬದಲಾಯಿಸಿದ್ದನ್ನೂ ಸೇರಿಸಿ. ಆ ಕೋಣೆಗೆ ಯಾರನ್ನೂ ಬಿಡಬೇಡಿ ಎಂದಳು.

ಮನೆಯೊಡತಿ ಪೆನ್ನಿಗೆ ಟೋಪಿ ಹಾಕಿದಳು. “ಇಪ್ಪತ್ತೊಂದು ದಿನ ತಡೆದಿಟ್ಟು, ಈಗ ಮನೆಗೆ ಕೆಟ್ಟ ಹೆಸರನ್ನೂ ಕೊಟ್ಟು ಹೋಗ್ತಿದ್ದೀರಿ. ಒಳ್ಳೇದಾಗಲಿ,” ಎಂದಳು.

ಮನೆಗೆ ನಡೆದುಕೊಂಡೇ ಹೋದರು. ಎರಡು ಬೀದಿ ದಾಟಿದರು.

“ಬೈದುಬಿಡ್ರೀ,” ಎಂದಳು ಕೊನೆಗೆ. “ಹೀಗೆ ಸುಮ್ನಿರಬೇಡಿ.”

“ಆ ಏಳು ನಿನ್ನದು ಅಂತ ನನಗೆ ಗೊತ್ತಾಯ್ತು,” ಎಂದ ಅವನು, ಎದುರು ನೋಡುತ್ತಲೇ. “ಮೂವತ್ತು ವರ್ಷದಿಂದ ಅಂಗಡಿ ಚೀಟಿಗಳ ಮೇಲೆ ನೋಡ್ತಿದ್ದೀನಿ ನಿನ್ನ ಅಕ್ಷರ. ಗೊತ್ತಾಗೇ ‘ಸರಿ ಹಾಗಾದ್ರೆ’ ಅಂದೆ.”

ಅವಳು ನಿಂತುಬಿಟ್ಟಳು.

“ಮುಖ ನೋಡಿದೆ ನಿಂದು. ಇಷ್ಟು ಬೇಕಾಗಿದ್ಯಾ ಇವಳಿಗೆ ಅನ್ನಿಸ್ತು. ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವನು ಹೋಗಿ ಬುಡದಲ್ಲಿ ಕೂತ. ನೀನು ಕೂಗದೇ ಇದ್ದಿದ್ರೆ ನಾನು ಕೂಗ್ತಿದ್ದೆ ಅಂದ್ಕೋತೀನಿ.” ಸ್ವಲ್ಪ ತಡೆದು ಹೇಳಿದ: “ಅಂದ್ಕೋತೀನಿ, ಅಷ್ಟೇ. ಆಣೆ ಮಾಡಿ ಹೇಳೋ ಧೈರ್ಯ ಇಲ್ಲ.”

ಮನೆಗೆ ಬಂದ ಮೇಲೆ ಅವಳು ಪುರಾತನ ಕಟ್ಟಡಗಳ ಕಚೇರಿಗೆ ಒಂದು ಕಾಗದ ಬರೆದಳು: ಬಿರುಕು ಎಲ್ಲಿದೆ, ಎಷ್ಟು ಉದ್ದ, ಗಾಜು ಯಾವ ದಿನ ಹೇಗೆ ಒಡೆದಿತ್ತು, ತಾನು ಏನು ಮಾಡಿದೆ. ಗಂಡ ಅದನ್ನು ಓದಿದ. ಯಾವತ್ತೂ ಏನಾದರೂ ತಿದ್ದದೆ ಬಿಡದವನು ಅವತ್ತು ಒಂದಕ್ಷರವನ್ನೂ ತಿದ್ದದೆ ಲಕೋಟೆಗೆ ಹಾಕಿದ.

ತಮ್ಮ ಏಳು ವಾರ ಅವರ ಮನೆಯ ಕಡೆ ತಲೆ ಹಾಕಲಿಲ್ಲ. ಎರಡು ಸಲ ಅವನ ಮನೆಗೆ ಹೋದಳು. ತಮ್ಮನ ಹೆಂಡತಿ ನೀರು ಕೊಟ್ಟು, “ಅವರು ಕೆಲಸಕ್ಕೆ ಹೋಗಿದ್ದಾರೆ ಅತ್ತಿಗೆ,” ಎಂದಳು. ಒಳಗಿನ ಕೋಣೆಯಲ್ಲಿ ತಮ್ಮನ ಕೆಮ್ಮು ಕೇಳಿಸುತ್ತಿತ್ತು. ಬಟ್ಟೆ ಅಂಗಡಿಯವರು ಹಿಂದೆ ಸರಿದರೆಂದೂ, ಕಚೇರಿಯವರು ಗೋಡೆಗೆ ಆಸರೆ ಕೊಟ್ಟು, ಕಲ್ಲಿಗೆ ನಂಬರು ಹಾಕಿ ಒಂದೊಂದಾಗಿ ಇಳಿಸುತ್ತಿದ್ದಾರೆಂದೂ, ಆ ಕೆಲಸ ಸಿಕ್ಕಿದ್ದು ತಮ್ಮನಿಗೇ ಎಂದೂ ಅವಳಿಗೆ ತಿಳಿದದ್ದು ಅಂಗಡಿಗೆ ಬಂದ ಗಿರಾಕಿಗಳ ಬಾಯಿಂದ.

ಎಂಟನೆಯ ವಾರ ಒಂದು ಬೆಳಿಗ್ಗೆ ಅವನೇ ಬಂದ. ಕೂರು ಎನ್ನುವ ಮೊದಲೇ ಕೂತ, ಚಹಾ ಕೇಳಿದ, ಮೇಜಿನ ಮೇಲೆ ಒಂದು ಹಾಳೆ ಬಿಡಿಸಿದ.

“ಗೋಡೆ ಬುಡದಲ್ಲಿ ಬಾವಿ ಇತ್ತು ಭಾವ. ಕುದುರೆಗಳಿಗೆ ನೀರು ಸೇದ್ತಿದ್ರಂತೆ. ಆಮೇಲೆ ಯಾವನೋ ಪುಣ್ಯಾತ್ಮ ಅದಕ್ಕೆ ಕಸ ತುಂಬಿ, ಅರ್ಧ ಗೋಡೆನ ಅದರ ಮೇಲೇ ಕಟ್ಟಿದ್ದಾನೆ. ಇಷ್ಟು ವರ್ಷ ನಿಂತಿದ್ದೇ ಹೆಚ್ಚು.” ಅವನು ಮಾತಾಡುತ್ತಿದ್ದದ್ದು ಭಾವನ ಜೊತೆ. “ಆ ಉದ್ದದ ಕೋಣೆ ಹೋಯ್ತು ಅಂತಲೇ ಲೆಕ್ಕ. ಅಲ್ಲಿ ಮತ್ತೆ ಕಟ್ಟಬೇಡಿ, ಬಾವಿ ತೆರೆದು ಅಂಗಳ ಮಾಡಿ ಅಂತಾರೆ ಕಚೇರಿಯವರು. ಮುಂದಿನ ನಾಲ್ಕು ಕೋಣೆ ಗಟ್ಟಿ. ಹೆಬ್ಬಂಡೆ ಮೇಲೆ ಕೂತಿವೆ, ನಾನು ಅಗೆದು ನೋಡಿದ್ದೀನಿ. ಕೊಳ್ಳೋದಾದ್ರೆ ಈಗ ಕೊಳ್ಳಿ. ಏನಿದೆ ಏನಿಲ್ಲ ಅನ್ನೋದು ಈಗ ಎಲ್ಲರಿಗೂ ಗೊತ್ತು.”

ಆರು ಕಿಟಕಿ ಹೋದವು. ಅವಳು ಹಾಳೆಯ ಮೇಲೆ ಖಾಲಿ ಬಿಟ್ಟಿದ್ದ ಚೌಕವನ್ನು ನೋಡುತ್ತ ಕೂತಳು. ಯಾವುದಕ್ಕಾಗಿ ಸುಳ್ಳು ಹೇಳಿದಳೋ ಅದೇ ಇಲ್ಲ. ಬೇಡ ಎಂದುಬಿಟ್ಟರೆ ಎಲ್ಲ ಮುಗಿಯುತ್ತದೆ. ತಪ್ಪು ಮಾಡಿದವಳಿಗೆ ಅದೇ ತಕ್ಕದ್ದು ಎಂದೂ ಅನ್ನಿಸಿತು.

“ನೀವೇ ಹೇಳ್ರೀ,” ಎಂದಳು ಗಂಡನಿಗೆ. “ನನ್ನ ಮಾತಿಗೆ ಇನ್ನು ಬೆಲೆ ಇಲ್ಲ.”

“ಅದೆಲ್ಲ ಆಗಲ್ಲ,” ಎಂದ ಗಂಡ. “ನಾನು ಕೊಂಡ್ರೆ ನಿನಗೋಸ್ಕರ ಕೊಂಡೆ ಅಂತಾಗುತ್ತೆ, ಬಿಟ್ರೆ ನಿನಗೋಸ್ಕರ ಬಿಟ್ಟೆ ಅಂತಾಗುತ್ತೆ. ನೀನು ಬಾಯಿಬಿಟ್ಟು ಹೇಳು. ಕಿಟಕಿ ಇಲ್ಲದ ಮನೆ ಬೇಕಾ, ಬೇಡ್ವಾ?”

ತಮ್ಮ ಚಹಾದ ಲೋಟ ಕೆಳಗಿಟ್ಟ. ಇಬ್ಬರೂ ಕಾಯುತ್ತಿದ್ದರು. ಅಷ್ಟು ಹೊತ್ತು ಯಾರಾದರೂ ತನ್ನ ಒಂದು ಮಾತಿಗಾಗಿ ಕಾದದ್ದು ಅವಳಿಗೆ ನೆನಪಿರಲಿಲ್ಲ.

“ಬೇಕು,” ಎಂದಳು. ಹಾಳೆಯಿಂದ ತಲೆಯೆತ್ತಿ ಇನ್ನೊಮ್ಮೆ ಹೇಳಿದಳು. “ನನಗೆ ಆ ಮನೆ ಬೇಕು.”

“ನಾನು ಕೆಲಸ ಮಾಡಿಕೊಡ್ತೀನಿ,” ಎಂದ ತಮ್ಮ, ಮೊದಲ ಸಲ ಅವಳ ಕಡೆ ತಿರುಗಿ. “ಆದ್ರೆ ಅಳತೆ, ಗುರುತು, ಗಾಜು, ಅವೆಲ್ಲ ಭಾವ ನೋಡ್ತಾರೆ. ನೀನು ಅತ್ತ ಸುಳಿಯೋ ಹಾಗಿಲ್ಲ.”

“ಆಯ್ತಪ್ಪ,” ಎಂದಳು.

ಕೆಲಸ ಎರಡು ವರ್ಷ ಎಂಟು ತಿಂಗಳು ಹಿಡಿಯಿತು. ಗಂಡ ಪ್ರತಿ ಬೆಳಿಗ್ಗೆ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಗೋಡೆಗಳನ್ನು ಓದಿ ಬರುತ್ತಿದ್ದ; ಆಳುಗಳು ಅವನಿಗೆ ‘ಕರಡು ಸಾಹೇಬ್ರು’ ಎಂದು ಹೆಸರಿಟ್ಟರು. ಅವಳು ಮಧ್ಯಾಹ್ನ ಊಟದ ಡಬ್ಬಿ ತಂದು ಹೊಸ್ತಿಲ ಹೊರಗೆ ಇಟ್ಟು ಹೋಗುತ್ತಿದ್ದಳು. ತಮ್ಮ ತಿನ್ನುತ್ತಿದ್ದ, ಡಬ್ಬಿ ತೊಳೆದು ಕಳಿಸುತ್ತಿದ್ದ, ಚೆನ್ನಾಗಿತ್ತು ಎಂದು ಒಂದು ದಿನವೂ ಹೇಳಿ ಕಳಿಸಲಿಲ್ಲ. ಅವಳ ಉಜ್ಜುವ ಯಂತ್ರಕ್ಕೆ ಬೀದಿಯ ಕಡೆಯ ಸಣ್ಣ ಕೋಣೆ ಗೊತ್ತಾಯಿತು. ಅಲ್ಲಿ ಇದ್ದದ್ದು ಒಂದೇ ಕಿಟಕಿ. ಸಂಜೆಯಾದರೆ ದೀಪ ಹಾಕಲೇಬೇಕು.

ಕೊನೆಯ ವಾರ ಆ ಕೋಣೆಗೆ ಬಾಗಿಲ ಚೌಕಟ್ಟು ಕೂರಿಸುವ ಹೊತ್ತಿಗೆ ಗಂಡ ಮುದ್ರಣಾಲಯದಲ್ಲಿದ್ದ. ಆಳುಗಳು ಊಟಕ್ಕೆ ಹೋಗಿದ್ದರು. ಡಬ್ಬಿ ಇಟ್ಟು ತಿರುಗಿದವಳನ್ನು ತಮ್ಮ ಒಳಗಿನಿಂದ ಕರೆದ.

“ಅಕ್ಕ, ಬಾ ಇಲ್ಲಿ. ಈ ಮಟ್ಟದ ಪಟ್ಟಿ ಹಿಡ್ಕೊ.”

ಅವಳು ಹೊಸ್ತಿಲಲ್ಲೇ ನಿಂತಳು. “ನಾನಾ?”

“ಇನ್ಯಾರಿದ್ದಾರೆ ಇಲ್ಲಿ? ಭುಜದಲ್ಲಿ ಚೌಕಟ್ಟು ಹೊತ್ಕೊಂಡು ನಿಂತಿದ್ದೀನಿ, ಬೇಗ ಬಾ.”

ಅವಳು ಪಟ್ಟಿಯನ್ನು ಮರಕ್ಕೆ ಒತ್ತಿ ಹಿಡಿದಳು. ಒಳಗಿನ ನೀರಿನಲ್ಲಿ ಗುಳ್ಳೆ ಅತ್ತಿತ್ತ ಓಡಾಡಿ, ನಿಧಾನವಾಗಿ ನಿಂತಿತು.

“ಎಲ್ಲಿದೆ?” ಎಂದ ತಮ್ಮ. ಅವನಿಗೆ ಅದು ಕಾಣುತ್ತಿರಲಿಲ್ಲ.

ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಎಡಕ್ಕಿದೆ. ಒಂದು ಕೂದಲೆಳೆ.”

ಅವನು ಕೆಳಗೆ ಬೆಣೆ ಇಟ್ಟು ಒಂದು ಏಟು ಹೊಡೆದ.

“ಈಗ?”

“ಇನ್ನೂ ಇದೆ,” ಎಂದಳು. “ಇನ್ನೊಂದು ಏಟು ಹಾಕು.”